ಗೋಳಗುಮ್ಮಟದ ಕೆಳಗೊಂದು ತರಗತಿ: ಮಕ್ಕಳೊಂದಿಗೆ ವಿಜಯಪುರ

ರಜೆ ಬಂತೆಂದರೆ ಶಿವಮೊಗ್ಗ, ಭದ್ರಾವತಿಯ ನಮ್ಮ ಬ್ಯಾರಿ ಮನೆಗಳ ಪ್ರವಾಸದ ದಾರಿ ಹೆಚ್ಚುಕಡಿಮೆ ಒಂದೇ. ಘಟ್ಟ ಇಳಿದು ಮಂಗಳೂರು ಕಡೆಯ ಅಜ್ಜಿಮನೆ, ಉಳ್ಳಾಲ ದರ್ಗಾ, ಪಣಂಬೂರು ಕಡಲತೀರ, ಕೊನೆಗೆ ಒಂದು ದಿನ ಮಾಲ್. ಗಲ್ಫ್‌ನಲ್ಲಿರುವ ಕುಟುಂಬಗಳು ಈಗೀಗ ಇಸ್ತಾಂಬುಲ್, ರೋಮ್ ಅಂತ ಹೋಗಿ ಬಂದು ಸ್ಟೇಟಸ್ ಹಾಕ್ತಾರೆ. ದೊಡ್ಡ ಗುಮ್ಮಟಗಳ ಎದುರು ನಿಂತ ಸಂಬಂಧಿಕರ ಮಕ್ಕಳ ಫೋಟೋ ನೋಡಿ ನಮ್ಮ ಮದ್ರಸದ ಮಕ್ಕಳು “ಉಸ್ತಾದ್, ನಾವು ಯಾವಾಗ ಹೋಗೋದು?” ಅಂತ ಕೇಳ್ತಾರೆ.

ರೋಮಿಗೆ ಹೋಗಲು ಪಾಸ್‌ಪೋರ್ಟ್, ವೀಸಾ, ಲಕ್ಷಗಟ್ಟಲೆ ದುಡ್ಡು ಬೇಕು. ಆದರೆ ಜಗತ್ತಿನ ಹಳೆಯ ದೊಡ್ಡ ಗುಮ್ಮಟಗಳ ಸಾಲಿನಲ್ಲೇ ನಿಲ್ಲುವ ಒಂದು ಗುಮ್ಮಟ ನಮ್ಮ ಕರ್ನಾಟಕದಲ್ಲಿದೆ. ನಮ್ಮೂರಿನಿಂದ ಒಂದು ರಾತ್ರಿಯ ಪ್ರಯಾಣ ಅಷ್ಟೆ. ವಿಜಯಪುರದ ಗೋಳಗುಮ್ಮಟವನ್ನು ಎಲ್ಲ ಮಕ್ಕಳೂ ಪಾಠಪುಸ್ತಕದಲ್ಲಿ ನೋಡಿದ್ದಾರೆ, ಅದರ ಕೆಳಗೆ ನಿಂತವರು ಮಾತ್ರ ಕಡಿಮೆ. ಐದನೇ ತರಗತಿಯಿಂದ ಒಂಬತ್ತನೇ ತರಗತಿವರೆಗಿನ ಮಕ್ಕಳನ್ನು, ಅವರ ಕೆಲವು ಪೋಷಕರನ್ನು ಕರೆದುಕೊಂಡು ನಾವು ಮುಅಲ್ಲಿಮರು ಹೋಗಿ ಬಂದೆವು. ಹೋಗುವ ಮನಸ್ಸಿರುವ ಮನೆಗಳಿಗೆ ಅನುಕೂಲವಾಗಲಿ ಅಂತ ಈ ಬರಹ.

ಇದನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ಏಳನೇ ತರಗತಿಯ ಒಬ್ಬ ಹುಡುಗ ನಮಗೆ ಹೀಗೆ ಹೇಳಿದ: “ಶಾಲೆಯಲ್ಲಿ ಸುಲ್ತಾನರ ಪಾಠ ಬಂದಾಗ ಎಲ್ಲರೂ ನನ್ನ ಕಡೆ ತಿರುಗಿ ನೋಡ್ತಾರೆ ಉಸ್ತಾದ್.” ನಮ್ಮ ಊರಿನ ಮಕ್ಕಳು ‘ನಿಷೇಧಾಜ್ಞೆ’ ಅನ್ನೋ ಪದವನ್ನು ಸಣ್ಣ ವಯಸ್ಸಿನಲ್ಲೇ ಕಲಿತವರು. ಚರಿತ್ರೆ ಅವರಿಗೆ ಬರೀ ಪರೀಕ್ಷೆಯ ಐದು ಅಂಕದ ಪ್ರಶ್ನೆಯಲ್ಲ. ಮೊಬೈಲಿನಲ್ಲಿ ಒಂದು ಕಡೆಯಿಂದ ಸುಲ್ತಾನರನ್ನು ರಾಕ್ಷಸರನ್ನಾಗಿ ಮಾಡಿದ ವಿಡಿಯೋ ಬರುತ್ತೆ, ಇನ್ನೊಂದು ಕಡೆಯಿಂದ ಅವರನ್ನೇ ಔಲಿಯಾಗಳನ್ನಾಗಿ ಮಾಡಿದ ವಿಡಿಯೋ ಬರುತ್ತೆ. ಎರಡರ ನಡುವೆ ಹನ್ನೆರಡು ವರ್ಷದ ಮಗು ಯಾವುದನ್ನು ನಂಬಬೇಕು? ಅದಕ್ಕೆ ಕಲ್ಲು, ಗೋಡೆ, ಬಾವಿಗಳನ್ನು ಕಣ್ಣಾರೆ ತೋರಿಸಬೇಕು ಅನ್ನೋದು ನಮ್ಮ ಆಲೋಚನೆ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿ ಏನಾಯಿತೆಂದು ನೋಡಲು ಪವಿತ್ರ ಕುರ್‌ಆನ್ ಹಲವು ಕಡೆ ನಮ್ಮನ್ನು ಕರೆಯುತ್ತದೆ. ನೋಡಿ ಇಬ್ರತ್ ಪಡೆಯಲಿಕ್ಕೆ ಈ ಕರೆ.

ಮೊದಲು ಮನೆಯ ಹತ್ತಿರ

ಮಕ್ಕಳನ್ನು ಏಕಾಏಕಿ ದೊಡ್ಡ ಊರಿಗೆ ಕರೆದುಕೊಂಡು ಹೋದರೆ ಅವರು ಓಡಾಡಿ ದಣಿದು ವಾಪಸ್ ಬರ್ತಾರೆ ಅಷ್ಟೆ. ನೋಡುವುದಕ್ಕೂ ಅಭ್ಯಾಸ ಬೇಕು. ಅದಕ್ಕೆ ಹೊರಡುವ ಮೊದಲು ಹತ್ತಿರದ ಕೆಲವು ಜಾಗ ನೋಡುವುದು ಒಳ್ಳೆಯದು.

ಒಂದು, ಶಿವಮೊಗ್ಗದಲ್ಲೇ ತುಂಗೆಯ ದಡದಲ್ಲಿರುವ ಶಿವಪ್ಪನಾಯಕ ಅರಮನೆಯ ಸಂಗ್ರಹಾಲಯ. ದಿನಾ ಅದರ ಮುಂದೆಯೇ ಬಸ್ಸಿನಲ್ಲಿ ಹೋಗುವ ಎಷ್ಟೋ ಮಕ್ಕಳು ಒಳಗೆ ಕಾಲಿಟ್ಟಿಲ್ಲ. ಅಂಗಳದಲ್ಲಿ ಸಾಲಾಗಿ ನಿಂತ ವೀರಗಲ್ಲು, ಶಾಸನದ ಕಲ್ಲುಗಳ ಮುಂದೆ ಮಕ್ಕಳನ್ನು ನಿಲ್ಲಿಸಿ “ಇದರಲ್ಲಿ ಏನೇನು ಕಾಣ್ತದೆ, ಹೇಳು” ಅಂದರೆ ಸಾಕು. ಕುದುರೆ, ಬಿಲ್ಲು, ಬಿದ್ದ ಮನುಷ್ಯ, ಮೇಲೆ ಸೂರ್ಯ ಚಂದ್ರ. ಅವರೇ ಒಂದೊಂದಾಗಿ ಹೇಳ್ತಾ ಹೋಗ್ತಾರೆ.

ಇನ್ನೊಂದು, ಸಾಗರದ ಹತ್ತಿರದ ಇಕ್ಕೇರಿ. ಕೆಳದಿ ನಾಯಕರ ರಾಜಧಾನಿಯಾಗಿದ್ದ ಈ ಊರಿಗೆ 1623ರಲ್ಲಿ ಇಟಲಿಯ ರೋಮ್ ನಗರದ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಬಂದಿದ್ದ. ವೆಂಕಟಪ್ಪ ನಾಯಕನನ್ನು ಕಾಣಲು ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಬಂದವನು. ದಾರಿಯಲ್ಲಿ ಒಂದು ಗುಡಿಯ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ನೆಲಕ್ಕೆ ನುಣ್ಣಗಿನ ಮರಳು ಹರಡಿ, ಒಬ್ಬ ರಾಗವಾಗಿ ಪಾಠ ಹೇಳ್ತಾ ಬೆರಳಿನಿಂದ ಮರಳಲ್ಲಿ ಬರೀತಿದ್ದ, ಉಳಿದವರು ಅದನ್ನೇ ಹೇಳಿ ಅದನ್ನೇ ಬರೀತಿದ್ದರು. ಮೇಷ್ಟ್ರು ಹೇಳಿಕೊಟ್ಟ ಪಾಠವನ್ನು ತಾವು ತಾವೇ ಸೇರಿ ಗಟ್ಟಿ ಮಾಡಿಕೊಳ್ಳುವ ಕ್ರಮ ಅದು. ನಮ್ಮ ಮಕ್ಕಳು ಬೆಳಿಗ್ಗೆ ಮದ್ರಸದಲ್ಲಿ ಜೊತೆಗೂಡಿ ಓದುವ ರೀತಿಯೂ ಹೀಗೇ ಅಲ್ವಾ? ಮುಂದೆ ಆತ ಮಂಗಳೂರಿಗೂ ಹೋಗಿ ಉಳ್ಳಾಲದ ರಾಣಿಯನ್ನೂ ಕಂಡ. ರೋಮಿನವನೊಬ್ಬ ನಮ್ಮ ಸಾಗರಕ್ಕೆ, ನಮ್ಮ ಉಳ್ಳಾಲಕ್ಕೆ ನೋಡಲಿಕ್ಕೆಂದೇ ಬಂದಿದ್ದ ಅಂತ ಕೇಳಿದಾಗ ಮಕ್ಕಳಿಗೆ ತಮ್ಮ ಊರಿನ ಬೆಲೆ ಗೊತ್ತಾಗುತ್ತೆ.

ಮೂರನೆಯದು ಸಂತೆಬೆನ್ನೂರು. ಭದ್ರಾವತಿಯಿಂದ ಚನ್ನಗಿರಿ ಮೇಲೆ ಹೋದರೆ ಅರ್ಧ ದಿನದ ಕೆಲಸ. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ದೊಡ್ಡ ಪುಷ್ಕರಿಣಿ, ನೀರಿನ ನಡುವೆ ಕಮಾನಿನ ಮಂಟಪ, ಪಕ್ಕದಲ್ಲೇ ಮುಸಾಫಿರ್‌ಖಾನಾ. ಈ ಮುಸಾಫಿರ್‌ಖಾನಾವನ್ನು ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕಟ್ಟಿಸಿದ ಅಂತ ಹೇಳ್ತಾರೆ. ಅಲ್ಲಿದ್ದ ರಂಗನಾಥನ ಗುಡಿಯನ್ನು ಕೆಡವಿ ಕಟ್ಟಿದ್ದು ಅಂತಲೂ ಹೇಳ್ತಾರೆ. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಈ ಬಗ್ಗೆ ಮುಂದೆ ಬರೀತೀವಿ.

ರಣದುಲ್ಲಾ ಖಾನ್ 1637-38ರಲ್ಲಿ ಇಕ್ಕೇರಿಯ ಮೇಲೂ ದಂಡೆತ್ತಿ ಬಂದ. ಆ ಪೆಟ್ಟಿನ ನಂತರ ವೀರಭದ್ರ ನಾಯಕ ರಾಜಧಾನಿಯನ್ನು ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ಸಾಗಿಸಿದ. ಆ ಸೈನ್ಯವನ್ನು ಕಳಿಸಿದ ದೊರೆ ಮುಹಮ್ಮದ್ ಆದಿಲ್ ಶಾಹ್. ಅವನೇ ಈಗ ಗೋಳಗುಮ್ಮಟದ ಕೆಳಗೆ ಮಲಗಿರುವವನು. ಇಷ್ಟು ಹೇಳಿದರೆ ಶಿವಮೊಗ್ಗದ ಮಗುವಿಗೆ ವಿಜಯಪುರ ದೂರದ ಊರಾಗಿ ಉಳಿಯುವುದಿಲ್ಲ.

ದಾರಿ, ಊಟ, ನಮಾಝ್

ಮೈಸೂರು, ಬೆಂಗಳೂರು ಕಡೆಯಿಂದ ಬರುವ ಗೋಲಗುಂಬಜ್ ಎಕ್ಸ್‌ಪ್ರೆಸ್ ರಾತ್ರಿ ರೈಲು. ನಮ್ಮವರು ಬೀರೂರಿನಲ್ಲೋ ದಾವಣಗೆರೆಯಲ್ಲೋ ಹತ್ತಿಕೊಳ್ಳಬಹುದು, ಬೆಳಿಗ್ಗೆ ವಿಜಯಪುರ. ನೋಡಲು ಹೊರಟ ಕಟ್ಟಡದ ಹೆಸರೇ ರೈಲಿನ ಬೋರ್ಡಿನಲ್ಲಿದ್ದರೆ ಸಣ್ಣ ಮಕ್ಕಳಿಗೆ ಅದೇ ಒಂದು ಖುಷಿ. ವ್ಯಾನ್ ಮಾಡಿಕೊಂಡು ಹೋಗುವವರಿಗೆ ದಾವಣಗೆರೆ, ಹೊಸಪೇಟೆ ದಾರಿಯಾಗಿ ಏಳೆಂಟು ಗಂಟೆ ಹಿಡಿಯುತ್ತೆ. ಏಪ್ರಿಲ್, ಮೇ ಮಾತ್ರ ಬೇಡವೇ ಬೇಡ. ಮಲೆನಾಡಿನ ಮಕ್ಕಳಿಗೆ ಆ ಬಿಸಿಲು ತಡೆಯೋದಿಲ್ಲ. ದಸರಾ ರಜೆ ಅಥವಾ ಡಿಸೆಂಬರ್, ಜನವರಿ ಒಳ್ಳೆಯದು.

ಹೋಗುವ ದಾರಿಗೆ ಉಮ್ಮಂದಿರು ಪತ್ತಿರ್ ಕಟ್ಟಿಕೊಟ್ಟರೆ ಸಾಕು. ಅಲ್ಲಿ ಹೋದ ಮೇಲೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಿನ್ನಿಸಿ. ಕುಚ್ಚಲಕ್ಕಿ ಅನ್ನದ ಮಕ್ಕಳು ಮೊದಲ ತುತ್ತಿಗೆ ಮುಖ ಸಿಂಡರಿಸಿದರೂ ಎರಡನೇ ದಿನ ಅವರೇ ರೊಟ್ಟಿ ಕೇಳ್ತಾರೆ.

ನಮಾಝಿನ ವಿಷಯ ಪೋಷಕರು ಮೊದಲೇ ಕೇಳುವುದರಿಂದ ಹೇಳ್ತೀವಿ. ಇಷ್ಟು ದೂರದ ಪ್ರಯಾಣದಲ್ಲಿ ನಮ್ಮ ಶಾಫಿಈ ಮದ್‌ಹಬಿನಲ್ಲಿ ನಾಲ್ಕು ರಕ್‌ಅತ್‌ಗಳ ನಮಾಝನ್ನು ಎರಡಾಗಿ ಕಸ್ರ್ ಮಾಡಲೂ, ಝುಹ್ರ್ ಜೊತೆ ಅಸ್ರ್, ಮಗ್ರಿಬ್ ಜೊತೆ ಇಶಾ ಸೇರಿಸಿ ಜಮ್ಅ್ ಮಾಡಲೂ ಅನುಮತಿ ಇದೆ. ಕಿತಾಬಿನಲ್ಲಿ ಓದಿ ಪರೀಕ್ಷೆ ಬರೆದ ಪಾಠವನ್ನು ಮಕ್ಕಳು ಮೊದಲ ಸಲ ಮಾಡಿ ನೋಡುವುದು ಇಂಥ ಪ್ರಯಾಣದಲ್ಲೇ. ಪಕ್ಕದಲ್ಲಿ ನಿಂತ ಹನಫಿ ಸಹೋದರರು ಹಾಗೆ ಸೇರಿಸಿ ಮಾಡದಿರುವುದನ್ನು ನೋಡಿ ಮಕ್ಕಳು ಯಾಕೆ ಅಂತ ಕೇಳ್ತಾರೆ. ಮದ್‌ಹಬುಗಳ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಗೋಳಗುಮ್ಮಟದ ಮುಂದಿನ ಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ನೆನಪಿರಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಒಂದೇ ದಿನದಲ್ಲಿ ಎಲ್ಲ ಮುಗಿಸುವ ಹಟ ಬೇಡ. ದಿನಕ್ಕೆ ಮೂರು ಜಾಗ, ಎರಡು ದಿನ. ಅದಕ್ಕಿಂತ ಹೆಚ್ಚಾದರೆ ಮಕ್ಕಳ ಕಣ್ಣು ತೆರೆದಿರುತ್ತೆ, ನೋಟ ಇರೋದಿಲ್ಲ.

ಗುಮ್ಮಟದ ಕೆಳಗೆ

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬೇಕು. ಹತ್ತು ಗಂಟೆಯ ಮೇಲೆ ಬಸ್ಸುಗಳು ಬಂದು, ಕೂಗಾಟದಲ್ಲಿ ಏನೂ ಕೇಳಿಸೋದಿಲ್ಲ. ಗೋಪುರದ ಒಳಗಿನ ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಮೇಲಿನ ಮೊಗಸಾಲೆಗೆ ಬಂದರೆ ಅದೇ ಪ್ರಸಿದ್ಧ ಪಿಸುಮಾತಿನ ಗ್ಯಾಲರಿ. ಈ ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಆ ಕಡೆ ಗೋಡೆಗೆ ಕಿವಿಯಿಟ್ಟವನಿಗೆ ಕೇಳುತ್ತೆ. ನಡುವೆ ಇರುವ ಅಂತರ ಸುಮಾರು 38 ಮೀಟರ್. ದುಂಡು ಗೋಡೆಯನ್ನು ಹಿಡಿದುಕೊಂಡು ಶಬ್ದ ಸುತ್ತಿ ಬರುವುದೇ ಇದರ ಗುಟ್ಟು. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ ಅಂತ ವಿಜ್ಞಾನದ ಪಾಠದಲ್ಲಿದೆ. ಹಾಗಾದರೆ ಈ ಕಡೆಯಿಂದ ಆ ಕಡೆಗೆ ನೇರವಾಗಿ ಹೋಗಲು ಎಷ್ಟು ಹೊತ್ತು ಬೇಕು ಅಂತ ಎಂಟನೇ ತರಗತಿಯವರಿಗೆ ಲೆಕ್ಕ ಕೊಟ್ಟೆವು. ಸೆಕೆಂಡಿನ ಒಂಬತ್ತನೇ ಒಂದು ಭಾಗ. ಕೆಳಗೆ ಕಬರುಗಳಿವೆ, ಕೂಗಬಾರದು ಅಂತ ಮೊದಲೇ ಹೇಳಿದ್ದರಿಂದ ಮಕ್ಕಳು ಪಿಸುಮಾತಿನಲ್ಲೇ ಆಡಿದರು. ಕೂಗಿದವರಿಗಿಂತ ಅವರಿಗೇ ಹೆಚ್ಚು ಕೇಳಿಸಿತು.

ಚೌಕದ ಕೋಣೆಯ ಮೇಲೆ ದುಂಡನೆಯ ಗುಮ್ಮಟ ಕೂರಿಸೋದು ಹೇಗೆ? ನಡುವೆ ಒಂದೇ ಒಂದು ಕಂಬ ಇಲ್ಲ. ಇದನ್ನು ತೋರಿಸಲು ಚೌಕಾಕಾರದ ಎರಡು ಕಾಗದ ಸಾಕು. ಒಂದರ ಮೇಲೊಂದನ್ನು ಓರೆಯಾಗಿ ಇಟ್ಟರೆ ಎಂಟು ಮೂಲೆಯ ನಕ್ಷತ್ರ ಆಗುತ್ತೆ, ನಡುವಿನ ಜಾಗ ದುಂಡಿಗೆ ಹತ್ತಿರ ಬರುತ್ತೆ. ಮೇಲೆ ನೋಡಿದರೆ ಒಂದಕ್ಕೊಂದು ಹೆಣೆದ ಕಮಾನುಗಳು ಇದನ್ನೇ ಮಾಡಿವೆ. ಆ ಕಮಾನುಗಳ ಭಾರ ಒಳಕ್ಕೆ ಬಾಗಿ, ಹೊರಕ್ಕೆ ತಳ್ಳುವ ಗುಮ್ಮಟದ ಭಾರವನ್ನು ಹಿಡಿದು ನಿಲ್ಲಿಸುತ್ತೆ. ಇಟಲಿಯಲ್ಲಿ ಸುಮಾರು 1,900 ವರ್ಷ ಹಳೆಯ ಪ್ಯಾಂಥಿಯನ್ ಗುಮ್ಮಟ ಇದೆ, ಅದರ ಒಳಗಿನ ಅಗಲ ಸುಮಾರು 43 ಮೀಟರ್. ಆದರೆ ಅದು ದುಂಡನೆಯ ಗೋಡೆಯ ಮೇಲೆ ಕೂತ ದುಂಡನೆಯ ಗುಮ್ಮಟ. ಇಲ್ಲಿಯದು ಚೌಕದ ಮೇಲೆ ಕೂತದ್ದು. ದೊಡ್ಡದು ಯಾವುದು ಅನ್ನೋ ಜಗಳಕ್ಕಿಂತ, ಬೇರೆ ಬೇರೆ ಊರಿನ ಮೇಸ್ತ್ರಿಗಳು ಒಂದೇ ಸಮಸ್ಯೆಯನ್ನು ಬೇರೆ ಬೇರೆ ರೀತಿ ಬಿಡಿಸಿದರು ಅನ್ನೋದು ಮಕ್ಕಳಿಗೆ ಹೆಚ್ಚು ರುಚಿಸಿತು.

ದಕ್ಷಿಣದ ಬಾಗಿಲಿನ ಮೇಲೆ ಫಾರ್ಸಿಯಲ್ಲಿ ಮೂರು ಸಾಲಿನ ಬರಹ ಇದೆ. ಅಕ್ಷರಗಳಿಗೆ ಅಬ್ಜದ್ ಲೆಕ್ಕದಲ್ಲಿ ಸಂಖ್ಯೆ ಹಾಕಿ ಕೂಡಿಸಿದರೆ ಮೂರರಲ್ಲೂ ಒಂದೇ ಉತ್ತರ: 1067. ಮುಹಮ್ಮದ್ ಆದಿಲ್ ಶಾಹ್ ತೀರಿಕೊಂಡ ಹಿಜ್ರಿ ವರ್ಷ, ಅಂದರೆ ಕ್ರಿ.ಶ. 1656. ಅಲಿಫ್ ಅಂದರೆ ಒಂದು, ಬಾ ಅಂದರೆ ಎರಡು ಅಂತ ಮದ್ರಸದಲ್ಲಿ ಕಲಿತ ಮಕ್ಕಳಿಗೆ ಇದಕ್ಕಿಂತ ಸಂಭ್ರಮ ಬೇಕಾ?

ಇಲ್ಲೇ ನಾವು ಒಂದು ಪಾಠ ಶುರು ಮಾಡಿದೆವು. ಹದೀಸ್ ಓದುವಾಗ ನಾವು ಸನದ್ ಕೇಳ್ತೀವಿ. ಇದನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು, ಅವರ ಮಾತು ನಂಬಬಹುದಾ? ಚರಿತ್ರೆಗೂ ಅದೇ ಕಾನೂನು. ಗೈಡ್‌ಗಳು ಗುಮ್ಮಟದ ಬಗ್ಗೆ ಪ್ರೀತಿಯ ಕಥೆ, ದುರಂತದ ಕಥೆ ಬೇಕಾದಷ್ಟು ಹೇಳ್ತಾರೆ. ಕೇಳಲಿಕ್ಕೆ ಚೆನ್ನಾಗಿರುತ್ತೆ, ಕೇಳಲಿ. ಆದರೆ ಪ್ರತಿ ಮಗುವಿನ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ‘ಕಂಡದ್ದು’, ‘ಕೇಳಿದ್ದು’. ಬಾಗಿಲಿನ ಮೇಲಿನ 1067 ಕಂಡದ್ದು. ನರ್ತಕಿಯೊಬ್ಬಳು ಗ್ಯಾಲರಿಯಿಂದ ಹಾರಿದ ಕಥೆ ಕೇಳಿದ್ದು. ಮಧ್ಯಾಹ್ನದ ಹೊತ್ತಿಗೆ ಆರನೇ ತರಗತಿಯ ಹುಡುಗಿಯೊಬ್ಬಳು ಗೈಡ್‌ಗೇ “ಅಂಕಲ್, ಇದು ಎಲ್ಲಿ ಬರೆದಿದೆ?” ಅಂತ ಕೇಳಿದಳು. ಆ ಮನುಷ್ಯ ನಕ್ಕು “ಎಲ್ಲೂ ಬರೆದಿಲ್ಲ ಮಗಾ, ನಮ್ಮಪ್ಪ ಹೇಳ್ತಿದ್ರು” ಅಂದರು. ಅವಳು ಅದನ್ನೂ ಹಾಗೇ ಬರೆದುಕೊಂಡಳು.

ರೋಜಾ ಮತ್ತು ಜಾಮಿಯಾ

ಇಬ್ರಾಹಿಂ ರೋಜಾ ಗೋಳಗುಮ್ಮಟದಂತೆ ದೊಡ್ಡದಲ್ಲ, ನಾಜೂಕಿನದು. ಒಂದೇ ಕಟ್ಟೆಯ ಮೇಲೆ ಒಂದು ಕಡೆ ಗೋರಿ, ಎದುರಿಗೆ ಮಸೀದಿ, ನಡುವೆ ಕೊಳ. ಇಮ್ಮಡಿ ಇಬ್ರಾಹಿಂ ಆದಿಲ್ ಶಾಹ್ (1580–1627), ಅವನ ರಾಣಿ ತಾಜ್ ಸುಲ್ತಾನಾ ಮಲಗಿರುವ ಜಾಗ. ಕಟ್ಟಿದವನು ಮಲಿಕ್ ಸಂದಲ್. ಗೋಡೆ, ಕಿಟಕಿಯ ಜಾಲಂಧ್ರದ ತುಂಬ ಕಲ್ಲಿನಲ್ಲೇ ಕೊರೆದ ಅರಬಿ ಅಕ್ಷರಗಳು. ಮಕ್ಕಳು ಬೆರಳು ತೋರಿಸ್ತಾ ಒಂದೊಂದೇ ಅಕ್ಷರ ಕೂಡಿಸಿ ಆಯತ್‌ಗಳನ್ನು ಗುರುತಿಸಿದರು. ದಿನಾ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿ ಕಲಿಯುವ ಅಕ್ಷರ 400 ವರ್ಷದ ಹಿಂದಿನ ಕಲ್ಲಿನಲ್ಲೂ ಇದೆ ಅನ್ನೋದು ನಾವು ಹೇಳಿ ಕೊಡಬೇಕಾದ ಪಾಠವೇ ಅಲ್ಲ. ಅವರಿಗೇ ಗೊತ್ತಾಯಿತು.

ಈ ಇಬ್ರಾಹಿಂ ದಖನಿ ಭಾಷೆಯಲ್ಲಿ ‘ಕಿತಾಬೆ ನೌರಸ್’ ಎಂಬ ಹಾಡಿನ ಪುಸ್ತಕ ಬರೆದ. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಪ್ರವಾದಿವರ್ಯರ, ಕಲಬುರಗಿಯ ಖ್ವಾಜಾ ಬಂದೇನವಾಝರ ಪ್ರಶಂಸೆಯೂ ಇದೆ. ಜನ ಅವನನ್ನು ಜಗದ್ಗುರು ಅಂತ ಕರೆದರು. ಅವನು ಬರೆದದ್ದೆಲ್ಲವನ್ನೂ ನಾವು ನಮ್ಮ ಅಕೀದದ ಪಾಠವಾಗಿ ಒಪ್ಪಬೇಕಾಗಿಲ್ಲ, ದೊರೆಗಳು ನಮಗೆ ದೀನ್ ಕಲಿಸುವವರಲ್ಲ. ಆದರೆ ಆ ಕಾಲದ ಬಿಜಾಪುರ ಹೇಗಿತ್ತು ಅಂತ ಮಕ್ಕಳು ತಿಳಿಯಬೇಕು. ನಮ್ಮ ಶಿವಮೊಗ್ಗದ ಮಗು ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಂತ ನಾಲ್ಕು ಭಾಷೆಯಲ್ಲಿ ಬೆಳೆಯುತ್ತೆ. ಕೆಲವು ಮಕ್ಕಳಿಗೆ ಇದು ಗೊಂದಲ, ಕೆಲವರಿಗೆ ನಾಚಿಕೆ. ನೆರೆಮನೆಯ ಹುಡುಗರ ಬಾಯಲ್ಲಿ ಕೇಳುವ ದಖನಿಯಲ್ಲಿ ಒಬ್ಬ ಸುಲ್ತಾನ ಪುಸ್ತಕ ಬರೆದ, ಇದೇ ಊರಿನ ಸೂಫಿಗಳು ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಲಿಕ್ಕೆ ಚಕ್ಕಿನಾಮಾ ಕಟ್ಟಿದರು ಅಂದಾಗ ಒಬ್ಬ ಹುಡುಗ “ಹಾಗಾದ್ರೆ ಬ್ಯಾರಿಯಲ್ಲೂ ಬರೀಬಹುದಾ ಉಸ್ತಾದ್?” ಅಂತ ಕೇಳಿದ. ಬರೀಬಹುದು, ಬರೀತಾ ಇದ್ದಾರೆ ಅಂತ ಹೇಳಿದೆವು.

ಝುಹ್ರ್, ಅಸ್ರ್‌ಗೆ ಜಾಮಿಯಾ ಮಸೀದಿಗೆ ಹೋದೆವು. ಒಂದನೇ ಅಲಿ ಆದಿಲ್ ಶಾಹ್ 1565ರ ತಾಳೀಕೋಟೆ ಯುದ್ಧದ ನಂತರದ ವರ್ಷಗಳಲ್ಲಿ ಶುರು ಮಾಡಿದ ಮಸೀದಿ. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಮುಸಲ್ಲಾದಂತೆ 2,250 ಚೌಕ ಗುರುತಿಸಿದ್ದಾರೆ. ಮಿಹ್ರಾಬಿನ ಮೇಲೆ 1636ರ ಚಿನ್ನದ ಬಣ್ಣದ ಬರಹ ಇನ್ನೂ ಹೊಳೆಯುತ್ತೆ. ಆದರೆ ಮುಂಭಾಗದ ಎರಡು ಮಿನಾರ ಇಲ್ಲ. ಕಟ್ಟಲೇ ಇಲ್ಲ. ಒಂದನೇ ಅಲಿಯ ನಂತರ ನಾಲ್ಕು ದೊರೆಗಳು ಬಂದು ಹೋದರೂ ಅದು ಪೂರ್ತಿಯಾಗಲಿಲ್ಲ. ಊರ ನಡುವಿನ ಬಾರಾ ಕಮಾನ್ ಕೂಡ ಹೀಗೇ. 1672ರಲ್ಲಿ ತೀರಿಕೊಂಡ ಎರಡನೇ ಅಲಿ ತನ್ನ ಗೋರಿಯನ್ನು ಗೋಳಗುಮ್ಮಟಕ್ಕಿಂತ ದೊಡ್ಡದು ಮಾಡಲು ಹೊರಟಿದ್ದ ಅಂತ ಹೇಳ್ತಾರೆ. ಈಗ ಉಳಿದಿರುವುದು ಮಾಡಿಲ್ಲದ ಕಮಾನುಗಳು, ಅವುಗಳ ಮೇಲೆ ಗಿಳಿಗಳು. ಸುಲ್ತಾನರ ಗೋರಿ ನೋಡಲು ಜನ ಟಿಕೆಟ್ ತೆಗೆದುಕೊಳ್ತಾರೆ. ಆದರೆ ಮುಗಿಯದ ಆ ಮಸೀದಿಯಲ್ಲಿ ಐದು ಹೊತ್ತೂ ಸಫ್ ನಿಲ್ಲುತ್ತೆ. ಇದರ ಮೇಲೆ ಉಪನ್ಯಾಸ ಬೇಕಾಗಲಿಲ್ಲ.

ತೋಪು, ಬಾವಿ, ರಾಣಿ

ಭದ್ರಾವತಿಯ ಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಮುಲ್ಕ್ ಮೈದಾನ್ ತೋಪು. ಅಜ್ಜಂದಿರು ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ಮನೆಯ ಮಕ್ಕಳಲ್ವಾ? 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಕಬ್ಬಿಣವಲ್ಲ, ತಾಮ್ರ ತವರ ಬೆರೆಸಿದ ಲೋಹ. ಹೊಯ್ದವನು ಮುಹಮ್ಮದ್ ರೂಮಿ. ರೂಮಿ ಅಂದರೆ ತುರ್ಕಿ ಕಡೆಯವನು. ತೋಪಿನ ಬಾಯಿಯಲ್ಲಿ ಸಿಂಹದಂಥ ಪ್ರಾಣಿಯ ಹಲ್ಲಿಗೆ ಸಿಕ್ಕ ಆನೆ. ಇಷ್ಟು ಲೋಹವನ್ನು ಒಂದೇ ಸಲ ಕರಗಿಸಿದ್ದು ಹೇಗೆ, ಅಚ್ಚು ಯಾವುದರದ್ದು, ಇಲ್ಲಿಯವರೆಗೆ ಎಳೆದು ತಂದದ್ದು ಹೇಗೆ ಅಂತ ಪ್ರಶ್ನೆಯ ಮೇಲೆ ಪ್ರಶ್ನೆ. ಕುಲುಮೆ, ಅಚ್ಚಿನ ವಿಷಯ ನಮ್ಮ ಜೊತೆ ಬಂದಿದ್ದ, ಎರಕದ ಕೆಲಸ ಮಾಡಿ ನಿವೃತ್ತರಾದ ಒಬ್ಬರು ಬಾಪಾನೇ ಅರ್ಧ ಗಂಟೆ ಹೇಳಿದರು. ಆ ದಿನದ ಒಳ್ಳೆಯ ಪಾಠ ಅವರದ್ದೇ. ಹತ್ತಿರದ ಉಪ್ಪಲಿ ಬುರುಜಿನ ಮೆಟ್ಟಿಲು ಹೊರಗಡೆಯಿಂದ ಸುತ್ತಿ ಹೋಗುತ್ತೆ. ಸಣ್ಣವರ ಕೈ ಬಿಡಬೇಡಿ.

ತಾಜ್ ಬಾವಡಿ, ಚಾಂದ್ ಬಾವಡಿಗಳನ್ನು ಬಿಡಬಾರದು. ಬಯಲುಸೀಮೆಯ ನಡುವೆ ಒಂದು ರಾಜಧಾನಿಗೆ ನೀರು ಕುಡಿಸಿದ್ದು ಇಂಥ ಬಾವಿ, ಕೆರೆ, ನೆಲದೊಳಗಿನ ಸುರಂಗ ಕಾಲುವೆಗಳು. ತುಂಗೆ ಭದ್ರೆಯ ದಡದ ಮಕ್ಕಳಿಗೆ ನೀರನ್ನು ಹೀಗೆ ಹುಡುಕಿ ತರಬೇಕಾದ ಊರಿದೆ ಅನ್ನೋದೇ ಹೊಸದು. ಚಾಂದ್ ಬಾವಡಿ ಚಾಂದ್ ಬೀಬಿಯ ಹೆಸರಿನದು. ಗಂಡ ತೀರಿಕೊಂಡ ಮೇಲೆ 1580ರಿಂದ ಬಾಲಕ ಇಬ್ರಾಹಿಂ ಪರವಾಗಿ ಬಿಜಾಪುರದ ಆಡಳಿತ ನೋಡಿಕೊಂಡ ರಾಣಿ. ಮುಂದೆ ತವರೂರು ಅಹ್ಮದ್‌ನಗರದ ಕೋಟೆಯನ್ನು ಮೊಘಲ್ ಸೈನ್ಯದ ವಿರುದ್ಧ ಕಾದಳು. ನೂರು ವರ್ಷದ ನಂತರ ನಮ್ಮ ಕೆಳದಿಯ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಳು. ಎರಡು ಕಥೆಯನ್ನೂ ಬಾವಿಯ ಮೆಟ್ಟಿಲ ಮೇಲೆ ಕೂತು ಹುಡುಗಿಯರಿಗೆ ಹೇಳಿದೆವು. ಪೋಷಕರಲ್ಲಿ ಒಂದು ಮಾತು: ಪ್ರವಾಸ ಅಂದಾಗ ಹುಡುಗರನ್ನು ಮಾತ್ರ ಕಳಿಸಿ ಹೆಣ್ಣುಮಕ್ಕಳನ್ನು ಮನೆಯಲ್ಲಿ ಉಳಿಸಬೇಡಿ. ಉಮ್ಮಂದಿರೂ ಜೊತೆಗೆ ಬರಲಿ. ನಮ್ಮ ತಂಡದಲ್ಲಿ ಹೆಚ್ಚು ಪ್ರಶ್ನೆ ಕೇಳಿದ್ದು ಹೆಣ್ಣುಮಕ್ಕಳೇ.

ಕಷ್ಟದ ಪ್ರಶ್ನೆಗಳು

ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂರಿಸಿ, ಮನಸ್ಸಿನಲ್ಲಿರುವುದನ್ನು ಕೇಳಿ ಅಂದೆವು. ಮೊದಲ ಪ್ರಶ್ನೆ ನಾವು ಕಾಯ್ತಿದ್ದದ್ದೇ: “ಹಂಪಿ ಹಾಳು ಮಾಡಿದ್ದು ಇವರೇ ಅಲ್ವಾ?”

ಹೌದು. 1565ರಲ್ಲಿ ಬಿಜಾಪುರ, ಅಹ್ಮದ್‌ನಗರ, ಗೋಲ್ಕೊಂಡ, ಬೀದರ್ ಸುಲ್ತಾನರು ಒಂದಾಗಿ ರಾಮರಾಯನನ್ನು ಸೋಲಿಸಿದರು, ವಿಜಯನಗರವನ್ನು ಲೂಟಿ ಮಾಡಲಾಯಿತು. ಇದನ್ನು ಇಲ್ಲ ಅನ್ನುವುದು ಸುಳ್ಳು, ಸುಳ್ಳು ಹರಾಮ್. ಆದರೆ ಉಳಿದದ್ದನ್ನೂ ಹೇಳಬೇಕು. ಅದೇ ಅಲಿ ಆದಿಲ್ ಶಾಹ್ ಕೆಲವೇ ವರ್ಷ ಮೊದಲು ಅದೇ ರಾಮರಾಯನ ಜೊತೆ ಸೇರಿ ಅಹ್ಮದ್‌ನಗರದ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿದ್ದ. ಆಮೇಲೆ ಅಹ್ಮದ್‌ನಗರದ ಮಗಳು ಚಾಂದ್ ಬೀಬಿಯನ್ನು ಮದುವೆಯಾಗಿ ಪಕ್ಷ ಬದಲಿಸಿದ. ಇಕ್ಕೇರಿಗೆ ಬಂದ ಕಾಲದಲ್ಲಿ ರಣದುಲ್ಲಾ ಖಾನನ ಜೊತೆ ಬಿಜಾಪುರದ ಸೇವೆಯಲ್ಲಿದ್ದವನು ಶಿವಾಜಿಯ ತಂದೆ ಶಹಾಜಿ. ಕೊನೆಗೆ 1686ರಲ್ಲಿ ಬಿಜಾಪುರ ಸಲ್ತನತ್ತನ್ನು ಮುಗಿಸಿದವನು ಔರಂಗಜೇಬ. ಮುಸ್ಲಿಂ ದೊರೆಯ ರಾಜ್ಯವನ್ನು ಮುಸ್ಲಿಂ ದೊರೆಯೇ ನುಂಗಿದ. ರಾಜ್ಯಕ್ಕಾಗಿ ಕಾದಾಡಿದವರ ಕಥೆ ಇದು. ಇದರಲ್ಲಿ ದೀನ್ ಹುಡುಕಿದರೆ ಸಿಗೋದಿಲ್ಲ.

ಎರಡನೆಯ ಪ್ರಶ್ನೆ ಸಂತೆಬೆನ್ನೂರಿನದು: ಗುಡಿ ಕೆಡವಿದ್ದು ಸರಿಯಾ? ಸರಿಯಲ್ಲ. ಮಠ, ಇಗರ್ಜಿ, ಯಹೂದಿಗಳ ಪ್ರಾರ್ಥನಾ ಮಂದಿರ, ಮಸೀದಿ ಎಲ್ಲವುಗಳ ರಕ್ಷಣೆಯ ಮಾತು ಕುರ್‌ಆನಿನ ಸೂರಾ ಹಜ್ಜ್‌ನಲ್ಲಿದೆ. ಖಲೀಫಾ ಉಮರ್ (ರ) ಜೆರುಸಲೇಮಿಗೆ ಬಂದಾಗ ಅಲ್ಲಿನ ದೊಡ್ಡ ಇಗರ್ಜಿಯೊಳಗೆ ನಮಾಝ್ ಮಾಡಲು ಒಪ್ಪಲಿಲ್ಲ. ನಾನಿಲ್ಲಿ ನಮಾಝ್ ಮಾಡಿದರೆ ಮುಂದಿನವರು ಇದನ್ನು ಮಸೀದಿ ಮಾಡಿಯಾರು ಅನ್ನೋ ಎಚ್ಚರ ಅವರದ್ದು ಎಂಬ ಪ್ರಸಂಗ ಪ್ರಸಿದ್ಧ. ನಮ್ಮ ಅಳತೆಗೋಲು ಉಮರ್. ರಣದುಲ್ಲಾ ಖಾನ್ ಅಲ್ಲ.

ವಿಜಯಪುರದ ಕೋಟೆಯೊಳಗೇ ಕರೀಮುದ್ದೀನ್ ಮಸೀದಿ ಇದೆ, 1320ರದು. ಆದಿಲ್ ಶಾಹಿಗಳಿಗಿಂತ ಹಳೆಯದು. ಅದರ ಕಂಬಗಳು ಗುಡಿಯ ಕಂಬಗಳು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ಅದೇ ಮಸೀದಿಯ ಶಾಸನದಲ್ಲಿ ಅದನ್ನು ಕಟ್ಟಿದ ಕುಶಲಕರ್ಮಿಯ ಹೆಸರೂ ಇದೆ: ಸಾಲೋಟಗಿಯ ರೇವಯ್ಯ. ಕಂಬವನ್ನೂ ತೋರಿಸಬೇಕು, ರೇವಯ್ಯನ ಹೆಸರನ್ನೂ ಹೇಳಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸನದ್ ತುಂಡಾಗುತ್ತೆ.

ಮೂರನೆಯದು ಎಲ್ಲಕ್ಕಿಂತ ಸಣ್ಣವನ ಪ್ರಶ್ನೆ: “ಇದೆಲ್ಲ ನಮ್ಮದಾ?” ನಾವು ಬ್ಯಾರಿಗಳು. ನಮ್ಮ ಹಿರಿಯರು ಕರಾವಳಿಯ ವ್ಯಾಪಾರಿಗಳು, ದುಡಿಮೆಗಾರರು. ಹಾಯಿ, ಬಂಡಿ, ತಲೆಹೊರೆ ಅವರ ಬದುಕು. ಸುಲ್ತಾನರು ನಮ್ಮ ಅಜ್ಜಂದಿರಲ್ಲ. ಅವರ ಹೆಸರಿನಲ್ಲಿ ಎದೆಯುಬ್ಬಿಸಲೂ ಬೇಡ, ತಲೆ ತಗ್ಗಿಸಲೂ ಬೇಡ. ಆದರೆ ಗೋಳಗುಮ್ಮಟ ನಮ್ಮದು, ಇಕ್ಕೇರಿಯ ಅಘೋರೇಶ್ವರ ದೇವಾಲಯ ನಮ್ಮದು, ಹಂಪಿ ನಮ್ಮದು. ಕರ್ನಾಟಕದ ಮಗುವಾಗಿ ಇವೆಲ್ಲವನ್ನೂ ಕಾಯುವ ಜವಾಬ್ದಾರಿ ನಿನ್ನದೂ ಹೌದು ಅಂತ ಹೇಳಿದೆವು. ಗೋಡೆಯ ಮೇಲೆ ಹೆಸರು ಕೆತ್ತಿದವರನ್ನು ಕಂಡು ಆ ಸಣ್ಣವನೇ ಮರುದಿನ ಗದರಿಸಲು ಹೋಗಿದ್ದ.

ಮರಳಿ ಬಂದ ಮೇಲೆ

ಬಂದ ಮುಂದಿನ ಭಾನುವಾರ ಮಕ್ಕಳು ತಮ್ಮ ತಮ್ಮ ನೋಟ್‌ಬುಕ್ ಓದಿದರು. ‘ಕಂಡದ್ದು’ ಕಾಲಂ ಉದ್ದ ಇದ್ದವರಿಗೆ ಬಹುಮಾನ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚರಿತ್ರೆಯ ಎರಡು ವಿಡಿಯೋ ಹಾಕಿ ಇದರ ಸನದ್ ಏನು ಅಂತ ಕೇಳಿದೆವು. ಒಂದು ನಮ್ಮನ್ನು ಬೈಯುವ ವಿಡಿಯೋ, ಒಂದು ನಮ್ಮನ್ನು ಹೊಗಳುವ ವಿಡಿಯೋ. ಹೊಗಳುವುದಕ್ಕೂ ಸನದ್ ಇಲ್ಲ ಅಂತ ಮಕ್ಕಳೇ ಕಂಡುಹಿಡಿದರು. ಹಿರಿಯರಾದ ನಾವೂ ಫಾರ್ವರ್ಡ್ ಒತ್ತುವ ಮೊದಲು ಅಷ್ಟು ಮಾಡಿದರೆ ಸಾಕು.

ಮನೆಯವರೇ ಹೋಗುವುದಾದರೆ ಸಣ್ಣ ಸಲಹೆ ಇಷ್ಟೆ. ಮಕ್ಕಳ ಕೈಗೆ ಮೊಬೈಲಿನ ಬದಲು ನೋಟ್‌ಬುಕ್, ಪೆನ್ಸಿಲ್ ಕೊಡಿ. ಫೋಟೋವನ್ನು ಬಾಪಾನೋ ಉಮ್ಮನೋ ತೆಗೆಯಲಿ. ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಬರೆದಿಟ್ಟುಕೊಂಡು ಬನ್ನಿ, ಶಾಲೆಯ ಮೇಷ್ಟ್ರನ್ನೋ ಮದ್ರಸದ ಮುಅಲ್ಲಿಮರನ್ನೋ ಕೇಳೋಣ. ಪಕ್ಕದ ಮನೆಯ, ಬೇರೆ ಸಮುದಾಯದ ಸಹಪಾಠಿ ಬರ್ತೀನಿ ಅಂದರೆ ಅವನನ್ನೂ ಕರೆದುಕೊಂಡು ಹೋಗಿ. ವಿಜಯಪುರ ದೂರ ಅನಿಸಿದರೆ ಒಂದು ಭಾನುವಾರ ಸಂತೆಬೆನ್ನೂರು ಸಾಕು. ಪುಷ್ಕರಿಣಿಯ ಮೆಟ್ಟಿಲ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು, ನೀರಿನ ನಡುವಿನ ಮಂಟಪವನ್ನೂ ದಡದ ಮುಸಾಫಿರ್‌ಖಾನಾವನ್ನೂ ತಮ್ಮ ತಮ್ಮ ಪುಸ್ತಕದಲ್ಲಿ ಬಿಡಿಸಲಿ.

ಕೊನೆಗೆ ಆ ಏಳನೇ ತರಗತಿಯ ಹುಡುಗನ ವಿಷಯ. ಶಾಲೆಯಲ್ಲಿ ಆದಿಲ್ ಶಾಹಿಗಳ ಪಾಠ ಬಂದಾಗ ಈ ಸಲವೂ ಎಲ್ಲರೂ ಅವನ ಕಡೆ ತಿರುಗಿದರಂತೆ. ಅವನು ಎದ್ದು ನಿಂತು, ಅಬ್ಜದ್ ಲೆಕ್ಕದಲ್ಲಿ 1067 ಹೇಗೆ ಬರುತ್ತೆ ಅಂತ ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದ ಅಂತ ಅವನ ಉಮ್ಮ ಹೇಳಿದರು.